ಉಂಗುರ ಬಿಗಿಯಾಯಿತೇ? ಚಪ್ಪಲಿ ನಂಬರ್ ಹೆಚ್ಚಿತೇ?

ಈದ್‌ಗೆಂದು ಗಾಂಧಿ ಬಜಾರ್‌ನಲ್ಲಿ ಚಪ್ಪಲಿ ಕೊಳ್ಳುವಾಗ ಹಳೆಯ ನಂಬರ್ ಸಾಲುತ್ತಿಲ್ಲವೇ? ವುಝೂ ಮಾಡುವಾಗ ಬೆರಳಿನ ಉಂಗುರ ಅಲುಗುತ್ತಿಲ್ಲವೇ? ತೂಕ ಹೆಚ್ಚಿದರೆ, ಗರ್ಭಿಣಿಯಾದರೆ ಹೀಗಾಗುವುದುಂಟು. ಆದರೆ ದೊಡ್ಡವರಾದ ಮೇಲೂ ಕೈಕಾಲು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿದ್ದರೆ ಕಡೆಗಣಿಸಬೇಡಿ.

ತಲೆಬುರುಡೆಯ ತಳದಲ್ಲಿ, ಮೂಗಿನ ಹಿಂದೆ, ಬಟಾಣಿ ಕಾಳಿನಷ್ಟು ಪಿಟ್ಯುಟರಿ ಗ್ರಂಥಿಯಿದೆ. ಅಲ್ಲಿ ಹುಟ್ಟಿದ ಗೆಡ್ಡೆ ಬೆಳವಣಿಗೆಯ ಹಾರ್ಮೋನನ್ನು ಅತಿಯಾಗಿ ಸುರಿಸಿದರೆ ‘ಅಕ್ರೊಮೆಗಲಿ’ ಬರುತ್ತದೆ. 1886ರಲ್ಲಿ ಈ ಹೆಸರಿಟ್ಟವರು ಫ್ರಾನ್ಸಿನ ವೈದ್ಯ ಪಿಯರ್ ಮಾರಿ. ಕಾಯಿಲೆ ಅಪರೂಪ, ಬದಲಾವಣೆ ಬಹಳ ನಿಧಾನ. ದಿನವೂ ಮುಖ ನೋಡುವ ಮನೆಯವರಿಗೇ ಗೊತ್ತಾಗುವುದಿಲ್ಲ.

ಆದ್ದರಿಂದ ನಿಕಾಹ್ ಸಮಯದ ಫೋಟೊ ತೆಗೆದು ಹೋಲಿಸಿ ನೋಡಿ. ಮೂಗು, ತುಟಿ, ದವಡೆ ದೊಡ್ಡದಾಗಿವೆಯೇ? ಹಲ್ಲುಗಳ ನಡುವೆ ಸಂದು ಬಿಟ್ಟಿದೆಯೇ? ಜೊತೆಗೆ ಅತಿಯಾದ ಬೆವರು, ಗೊರಕೆ, ತಲೆನೋವು, ಸಕ್ಕರೆ ಕಾಯಿಲೆ, ಬಿ.ಪಿ. ಇವೆಯೇ? ಸಕ್ಕರೆಗೆ ಒಬ್ಬರು, ಗೊರಕೆಗೆ ಇನ್ನೊಬ್ಬರು ಎಂದು ಅಲೆದರೆ ಮೂಲ ಕಾರಣ ಮರೆಯಾಗುತ್ತದೆ. ಒಬ್ಬರೇ ವೈದ್ಯರಿಗೆ ಎಲ್ಲವನ್ನೂ ಹೇಳಿ, ಆ ಫೋಟೊವನ್ನೂ ತೋರಿಸಿ.

ಮೊದಲ ಪರೀಕ್ಷೆ ಐಜಿಎಫ್-1 ಎಂಬ ರಕ್ತಪರೀಕ್ಷೆ. ಅದು ಹೆಚ್ಚಿದ್ದರೆ, ಅಗತ್ಯ ಕಂಡಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ 2 ಗಂಟೆ ಹಾರ್ಮೋನ್ ಅಳೆಯುತ್ತಾರೆ. ಆರೋಗ್ಯವಂತರಲ್ಲಿ ಅದು ತಗ್ಗುತ್ತದೆ. ಈ ರೋಗಿಗಳಲ್ಲಿ ಸರಿಯಾಗಿ ತಗ್ಗದು. ಬಳಿಕ ಎಂಆರ್‌ಐ. ಗೆಡ್ಡೆ ಕಣ್ಣಿನ ನರ ಒತ್ತಬಹುದಾದ್ದರಿಂದ ದೃಷ್ಟಿಪರೀಕ್ಷೆಯೂ ಬೇಕಾಗುತ್ತದೆ.

ಗೆಡ್ಡೆ ಎಂದೊಡನೆ ಹೆದರಬೇಡಿ. ಇವು ಬಹುತೇಕ ಕ್ಯಾನ್ಸರ್ ಅಲ್ಲ. ಸಾಮಾನ್ಯವಾಗಿ ಮೂಗಿನ ಮೂಲಕವೇ ತೆಗೆಯುತ್ತಾರೆ. ಊರಿನ ಮೆಗ್ಗಾನ್ ಆಸ್ಪತ್ರೆಯಲ್ಲಿ ಮೊದಲು ತೋರಿಸಿ. ಶಸ್ತ್ರಚಿಕಿತ್ಸೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ತಡಮಾಡಿದರೆ ಮಾತ್ರ ಹೃದಯಕ್ಕೂ ಕಣ್ಣಿಗೂ ಪೆಟ್ಟು.