ಲಿನಕ್ಸ್‌ಗೆ ಕಾಣದ ಹಾರ್ಡ್ ಡ್ರೈವ್

ಕೇರಳದ ಸರ್ಕಾರಿ ಶಾಲೆಗಳಲ್ಲಿ ಉಬುಂಟು ಆಧಾರಿತ ಲಿನಕ್ಸ್ ಬಳಕೆಯಲ್ಲಿರುವುದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಅದು ಪರಿಚಿತ. ಚಿತ್ರದುರ್ಗ, ಹೊಸದುರ್ಗಗಳ ಕಡೆ ಅದನ್ನು ನೆಚ್ಚಿದವರು ಮಾತ್ರ ವಿಂಡೋಸ್ ಬಳಸುವವರ ನಡುವೆಯೇ ವ್ಯವಹರಿಸಬೇಕಿದ್ದು, ಸ್ಟುಡಿಯೋದವರು ಮದುವೆಯ ಫೋಟೊ ತುಂಬಿ ಕೊಟ್ಟ ಹಾರ್ಡ್ ಡ್ರೈವ್ ತೆರೆಯದಿದ್ದರೆ ಅದು ಕೆಟ್ಟಿತೆಂದೇ ಭಾವಿಸುತ್ತಾರೆ. ಆದರೆ ಪರದೆಯ ಮೇಲೆ ಡ್ರೈವಿನ ಚಿಹ್ನೆ ಮೂಡುವ ಮುನ್ನ ವಿದ್ಯುತ್ತು, ಯುಎಸ್‌ಬಿ ಸಂಪರ್ಕ, ಡಿಸ್ಕಿನ ವಿಭಾಗಗಳ ಗುರುತು, ಕಡತಗಳ ಜೋಡಣೆ ಎಂಬ ಹಂತಗಳು ಒಂದಾದ ಮೇಲೊಂದು ಮುಗಿಯಬೇಕಾಗಿದ್ದು, ತಡೆ ಎಲ್ಲಿದೆಯೆಂದು ಅರಿಯದೆ ಕೈಹಾಕಿದರೆ ಒಳಗಿನ ಮಾಹಿತಿಗೇ ಕುತ್ತು ಬರಬಹುದು.

ಯುಎಸ್‌ಬಿ 2.0 ಪೋರ್ಟು ಸಾಮಾನ್ಯವಾಗಿ 500 ಮಿಲಿಆಂಪಿಯರ್, 3.0 ಪೋರ್ಟು 900 ಮಿಲಿಆಂಪಿಯರ್ ವಿದ್ಯುತ್ತನ್ನು ಒದಗಿಸುತ್ತವೆ. ತಿರುಗುವ ಡಿಸ್ಕು ಚಾಲೂ ಆಗುವ ಗಳಿಗೆಯಲ್ಲಿ ಹೆಚ್ಚು ವಿದ್ಯುತ್ತು ಬೇಡುವುದರಿಂದ ಹಳೆಯ ಪೋರ್ಟು, ಸವೆದ ಕೇಬಲ್ ಅಥವಾ ಸ್ವಂತ ವಿದ್ಯುತ್ತಿಲ್ಲದ ಹಬ್ ಇದ್ದರೆ ದೀಪ ಬೆಳಗಿದರೂ ಡ್ರೈವ್ ಎಚ್ಚರಗೊಳ್ಳದಿರಬಹುದು. ಕೇಬಲ್ ಬದಲಿಸಿ ನೋಡುವುದು ಅಗ್ಗದ ಪರೀಕ್ಷೆ, ಅದೇ ಮೊದಲಿನದಾಗಬೇಕು.

ಮುಂದಿನ ತನಿಖೆ ಟರ್ಮಿನಲ್ಲಿನಲ್ಲಿ, ಅಂದರೆ ಆಜ್ಞೆಗಳನ್ನು ಟೈಪಿಸುವ ಕಿಟಕಿಯಲ್ಲಿ ನಡೆಯುತ್ತದೆ. ‘ಎಲ್ಎಸ್‌ಯುಎಸ್‌ಬಿ’ ಆಜ್ಞೆ ಕೊಟ್ಟಾಗ ಡ್ರೈವಿನ ಸುಳಿವೇ ಇಲ್ಲದಿದ್ದರೆ ದೋಷವನ್ನು ಕೇಬಲ್, ಪೋರ್ಟು ಇಲ್ಲವೇ ಡ್ರೈವಿನ ಪೆಟ್ಟಿಗೆಯೊಳಗಿನ ಸಂಪರ್ಕ ಫಲಕದಲ್ಲಿ ಹುಡುಕಬೇಕು. ಹೆಸರು ಅಲ್ಲಿದ್ದು, ಡಿಸ್ಕುಗಳ ಪಟ್ಟಿ ಕೊಡುವ ‘ಎಲ್ಎಸ್‌ಬಿಎಲ್‌ಕೆ’ಯಲ್ಲೂ ಸರಿಯಾದ ಗಾತ್ರದೊಡನೆ ಕಾಣಿಸಿದರೆ, ಯಂತ್ರಭಾಗ ಬಹುಮಟ್ಟಿಗೆ ಸರಿಯಿದ್ದು, ಉಳಿದ ತೊಡಕು ಕಡತವ್ಯವಸ್ಥೆಯದು, ಎಂದರೆ ಡಿಸ್ಕಿನಲ್ಲಿ ಕಡತಗಳನ್ನು ಅಣಿಗೊಳಿಸಿದ ಕ್ರಮದ್ದು.

ನಮ್ಮ ಕಡೆ ಹೆಚ್ಚಾಗಿ ಎದುರಾಗುವುದು ಈ ಕೊನೆಯ ತೊಡಕೇ ಎನ್ನಬಹುದು. ವಿಂಡೋಸಿನ ಎನ್‌ಟಿಎಫ್‌ಎಸ್ ವ್ಯವಸ್ಥೆಗೆ ಹೊಸ ಚಾಲಕ ತಂತ್ರಾಂಶ ಲಿನಕ್ಸಿನ ತಿರುಳಾದ ಕರ್ನಲ್ಲಿಗೆ ಸೇರಿದ್ದು 2021ರ 5.15ನೇ ಆವೃತ್ತಿಯಲ್ಲಿ, ಎಕ್ಸ್‌ಫ್ಯಾಟ್ ವ್ಯವಸ್ಥೆಯದು ಸೇರಿದ್ದು 2019ರ 5.4ರಲ್ಲಿ, ಹಳೆಯ ಲಿನಕ್ಸಿನಲ್ಲಿ ಇವಕ್ಕೆ ಪ್ರತ್ಯೇಕ ತಂತ್ರಾಂಶ ಬೇಕಾಗಬಹುದು. ವಿಂಡೋಸಿನಲ್ಲಿ ‘ಸುರಕ್ಷಿತವಾಗಿ ತೆಗೆಯಿರಿ’ ಎಂಬ ಆಯ್ಕೆ ಬಳಸದೆ ಕಿತ್ತ ಡ್ರೈವ್ ಅಪೂರ್ಣ ಸ್ಥಿತಿಯಲ್ಲಿ ಉಳಿದಿದ್ದರೆ, ಲಿನಕ್ಸು ಅದರಲ್ಲಿ ಬರೆಯಲು ಅಥವಾ ಅದನ್ನು ತೆರೆಯಲು ನಿರಾಕರಿಸಬಹುದು. ಡ್ರೈವನ್ನು ಮತ್ತೆ ವಿಂಡೋಸಿಗೆ ಜೋಡಿಸಿ ಕ್ರಮವಾಗಿ ತೆಗೆಯುವುದೇ ಎಷ್ಟೋ ಬಾರಿ ಸಾಕಾಗುತ್ತದೆ.

ಇನ್ನು ಡ್ರೈವಿನೊಳಗೆ ಟಕ್ ಟಕ್ ಸದ್ದು ಬರುತ್ತಿದ್ದರೆ, ಅಥವಾ ‘ಡಿಎಂಇಎಸ್‌ಜಿ’ ಆಜ್ಞೆ ತೋರುವ ಕರ್ನಲ್ ದಾಖಲೆಯಲ್ಲಿ ಓದುವಿಕೆಯ ದೋಷದ ಸಾಲುಗಳು ಮೇಲಿಂದ ಮೇಲೆ ಬರುತ್ತಿದ್ದರೆ, ‘ಎಫ್‌ಎಸ್‌ಸಿಕೆ’ಯಂಥ ರಿಪೇರಿ ಸಾಧನಗಳನ್ನು ಮುಟ್ಟಬಾರದು, ಸದ್ದಿಲ್ಲದ ಡ್ರೈವಿನ ಪೂರ್ತಿ ಪ್ರತಿಯನ್ನು ‘ಡಿಡಿರೆಸ್ಕ್ಯೂ’ ಬಳಸಿ ಬೇರೊಂದು ಡಿಸ್ಕಿಗೆ ಇಳಿಸಿಕೊಂಡು, ರಿಪೇರಿಯನ್ನು ಆ ಪ್ರತಿಯ ಮೇಲೆ ಮಾಡಬೇಕು. ಸದ್ದು ಮಾಡುವ ಡ್ರೈವನ್ನು ಮಾತ್ರ ಕೂಡಲೇ ಆಫ್ ಮಾಡಿ, ಚಿತ್ರದುರ್ಗದಿಂದ ಸುಮಾರು 200 ಕಿಲೋಮೀಟರ್ ದೂರದ ಬೆಂಗಳೂರಿನ ಮಾಹಿತಿ ಮರುಗಳಿಕೆ ತಜ್ಞರಿಗೆ ಒಯ್ಯುವುದೇ ಸರಿ. ಪರದೆಯ ಮೇಲೆ ‘ಫಾರ್ಮ್ಯಾಟ್ ಮಾಡಲೇ?’ ಎಂಬ ಪ್ರಶ್ನೆ ಬಂದರೆ ಯಾವ ಸಂದರ್ಭದಲ್ಲೂ ಒಪ್ಪಬಾರದು.