ಕಲಿತ ರನ್‌ವೇಯಲ್ಲೇ ಪರೀಕ್ಷೆ

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಪಕ್ಕದೂರಿನ ಕೇಂದ್ರ ಬಿದ್ದರೆ ಮನೆಮಂದಿಗೆಲ್ಲ ತಳಮಳ. ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತದೋ ಇಲ್ಲವೋ, ಕೊಠಡಿ ಎಲ್ಲಿದೆಯೋ, ಬೆಂಚು ಎಂಥದ್ದೋ. ಪ್ರಶ್ನೆಪತ್ರಿಕೆ ಎಲ್ಲ ಕಡೆಯೂ ಒಂದೇ ಎಂದು ಗೊತ್ತಿದ್ದರೂ ಹೊಸ ಜಾಗದ ಅಳುಕು ಬಿಡುವುದಿಲ್ಲ. ಇನ್ನು ಬೆಂಚಿನ ಬದಲು ಸೆಸ್ನಾ ವಿಮಾನ, ಕೊಠಡಿಯ ಬದಲು ಆಕಾಶ ಎಂದಾದರೆ ಆ ಅಳುಕು ಎಷ್ಟಿರಬೇಡ!

ಪೈಲಟ್ ತರಬೇತಿಗೆಂದು ಮಕ್ಕಳನ್ನು ಅಮೆರಿಕಕ್ಕೆ ಕಳಿಸಲು ಹೊರಡುವ ಕುಟುಂಬಗಳು ಈಗ ನಮ್ಮಲ್ಲೂ ಸಾಕಷ್ಟಿವೆ. ಶಾಲೆ ಆರಿಸುವಾಗ ಹೆತ್ತವರು ಕೇಳುವ ಪ್ರಶ್ನೆಗಳು ಗೊತ್ತಿರುವಂಥವೇ. ಶುಲ್ಕ ಎಷ್ಟು? ಎಷ್ಟು ಗಂಟೆ ಹಾರಾಟ? ಊಟ ವಸತಿ ಹೇಗೆ? ಕಡೆಯ ಪರೀಕ್ಷೆ ಎಲ್ಲಿ ನಡೆಯುತ್ತದೆ, ಅದನ್ನು ಯಾರು ನಡೆಸುತ್ತಾರೆ ಎಂದು ಕೇಳುವವರು ಮಾತ್ರ ವಿರಳ. ಸಾಲ ತಂದ ಹಣ ಸೋರಿಹೋಗುವುದು ಎಷ್ಟೋ ಸಲ ಇಲ್ಲಿಯೇ.

ಅಮೆರಿಕದಲ್ಲಿ ವಿಮಾನಯಾನದ ಉಸ್ತುವಾರಿ ಎಫ್‌ಎಎ ಎಂಬ ಸರ್ಕಾರಿ ಸಂಸ್ಥೆಯದು. ಪರವಾನಗಿಗೆ ಎರಡು ಪರೀಕ್ಷೆ. ಮೊದಲನೆಯದು ಕಂಪ್ಯೂಟರ್ ಮುಂದೆ ಕುಳಿತು ಉತ್ತರಿಸುವಂಥದ್ದು. ಆರಂಭದ ಹಂತದ ಪ್ರೈವೇಟ್ ಪೈಲಟ್ ಪರವಾನಗಿಗೆ 60 ಪ್ರಶ್ನೆ, ತೇರ್ಗಡೆಗೆ ಶೇಕಡಾ 70 ಅಂಕ. ಇದನ್ನು ಬರೆಸುವ ಕೇಂದ್ರಗಳಲ್ಲಿ ಅನೇಕವು ತರಬೇತಿ ಶಾಲೆಗಳ ಆವರಣದಲ್ಲೇ ಇವೆ. ನಿಜ ಹೇಳಬೇಕೆಂದರೆ ಇದರಲ್ಲಿ ಜಾಗದ ಲಾಭ ದೊಡ್ಡದೇನಲ್ಲ, ಕಂಪ್ಯೂಟರ್ ಎಲ್ಲಿದ್ದರೂ ಕಂಪ್ಯೂಟರೇ. ಆದರೆ ಯಾವ ವಿಷಯದಲ್ಲಿ ತಪ್ಪಿತು ಎಂಬ ವಿವರ ಫಲಿತಾಂಶದ ಹಾಳೆಯಲ್ಲಿರುತ್ತದೆ. ಆ ವಿಷಯಗಳನ್ನು ಬೋಧಕರೊಡನೆ ಮತ್ತೆ ಓದಿ ಅವರ ಸಹಿ ಪಡೆದ ನಂತರವೇ ಮುಂದಿನ ಪರೀಕ್ಷೆ. ಬೋಧಕರು ಪಕ್ಕದ ಕೋಣೆಯಲ್ಲಿದ್ದರೆ ಅದು ಅಂದೇ ಆಗಿಹೋಗುವ ಕೆಲಸ.

ಎರಡನೆಯದು ಹಾರಾಟದ ಪರೀಕ್ಷೆ. ಪರೀಕ್ಷಕರು ಮೊದಲು ಮೇಜಿನ ಎದುರು ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾರೆ, ಬಳಿಕ ಜೊತೆಯಲ್ಲೇ ವಿಮಾನ ಏರುತ್ತಾರೆ. ಮನೆಯಂಗಳದ ಬೆಲೆ ತಿಳಿಯುವುದು ಇಲ್ಲಿ.

ಮೇಲೆ ಹೋದ ಮೇಲೆ ಪರೀಕ್ಷಕರು ಎಂಜಿನ್ ಶಕ್ತಿಯನ್ನು ಪೂರ್ತಿ ತಗ್ಗಿಸಿ, 'ಎಂಜಿನ್ ನಿಂತಿತು ಎಂದುಕೊಳ್ಳಿ, ಈಗೇನು ಮಾಡುತ್ತೀರಿ?' ಎಂದು ಕೇಳುವುದುಂಟು. ಅದೇ ಆಕಾಶದಲ್ಲಿ ತಿಂಗಳುಗಟ್ಟಲೆ ಹಾರಿದ ವಿದ್ಯಾರ್ಥಿಗೆ ಯಾವ ಹೊಲ ಸಪಾಟಾಗಿದೆ, ಎಲ್ಲಿ ವಿದ್ಯುತ್ ತಂತಿ ಹಾದುಹೋಗಿದೆ ಎಂಬುದು ಅಂಗೈ ಗೆರೆಯಷ್ಟು ಪರಿಚಿತ. ಹೊಸಬನಿಗೆ ಕೆಳಗೆ ಕಾಣುವುದೆಲ್ಲ ಬರೀ ಹಸಿರು. ವಿಮಾನದ ವಿಷಯವೂ ಅಷ್ಟೆ. ಹೊರಗಿನಿಂದ ನೋಡಿದರೆ ಎರಡೂ ಸೆಸ್ನಾ 172. ಒಳಗೆ ಒಂದರಲ್ಲಿ ಗಡಿಯಾರದಂಥ ಮುಳ್ಳಿನ ಮಾಪಕಗಳು, ಇನ್ನೊಂದರಲ್ಲಿ ಟಿವಿಯಂಥ ಪರದೆ. ಒಂದರಲ್ಲಿ ಕಲಿತು ಇನ್ನೊಂದರಲ್ಲಿ ಪರೀಕ್ಷೆಗೆ ಕುಳಿತರೆ ಕಣ್ಣು ತಡಕಾಡುತ್ತದೆ.

ಇದಕ್ಕಿಂತ ಸೂಕ್ಷ್ಮವಾದದ್ದು ಎತ್ತರದ ಲೆಕ್ಕ. ಫ್ಲಾರಿಡಾದ ವೀರೊ ಬೀಚ್ ಹೆಚ್ಚುಕಡಿಮೆ ಸಮುದ್ರಮಟ್ಟದಲ್ಲೇ ಇದೆ. ಡೆನ್ವರ್ ಬಳಿಯ ಸೆಂಟೆನಿಯಲ್ ವಿಮಾನ ನಿಲ್ದಾಣ 5,800 ಅಡಿಗೂ ಎತ್ತರದಲ್ಲಿದೆ. ಎತ್ತರದಲ್ಲಿ ಗಾಳಿ ತೆಳು, ಬೇಸಿಗೆಯ ಮಧ್ಯಾಹ್ನ ಇನ್ನೂ ತೆಳು. ಎಂಜಿನ್‌ಗೆ ದಮ್ಮು ಸಾಲದು, ರನ್‌ವೇ ಮೇಲಿನ ಓಟ ಉದ್ದವಾಗುತ್ತದೆ, ಮೇಲೇರುವುದು ನಿಧಾನವಾಗುತ್ತದೆ. ಪುಸ್ತಕದ ಕೋಷ್ಟಕದಲ್ಲಿ ಇದೆಲ್ಲ ಇದೆ. ಆದರೆ ಅದನ್ನು ಮೊದಲ ಬಾರಿಗೆ ಅನುಭವಿಸುವುದು ಪರೀಕ್ಷಕರನ್ನು ಪಕ್ಕದಲ್ಲಿ ಕೂರಿಸಿಕೊಂಡಾಗ ಆಗಬಾರದು.

ಕಾಗದಪತ್ರಗಳ ಪಾಡೂ ಕಡಿಮೆಯದಲ್ಲ. ವಿಮಾನ ಹಾರಲು ಯೋಗ್ಯವಾಗಿದೆ ಎಂಬುದನ್ನು ವಿದ್ಯಾರ್ಥಿಯೇ ದಾಖಲೆ ಸಹಿತ ತೋರಿಸಬೇಕು. ವರ್ಷದ ತಪಾಸಣೆ ಆಗಿದೆಯೇ, ತರಬೇತಿಯ ಬಾಡಿಗೆ ವಿಮಾನವಾದರೆ 100 ಗಂಟೆಗೊಮ್ಮೆ ಆಗಬೇಕಾದ ತಪಾಸಣೆ ಆಗಿದೆಯೇ ಎಂಬ ಪ್ರಶ್ನೆ ಬರುತ್ತದೆ. ತನ್ನ ಶಾಲೆಯಲ್ಲಾದರೆ ಆ ದಾಖಲೆಗಳು ಹ್ಯಾಂಗರಿನಲ್ಲೇ ಇರುತ್ತವೆ. ಬೇರೆ ಊರಿಗೆ ಹೋಗಿ, ಬೇಕಾದ ಒಂದು ದಾಖಲೆ ಮರೆತು ಬಂದರೆ ಪರೀಕ್ಷೆ ಶುರುವಾಗುವುದೇ ಇಲ್ಲ. ನಡುವೆ ಮೋಡ ಕವಿದು ಪರೀಕ್ಷೆ ನಿಂತರೆ, ಅಲ್ಲಿಯವರೆಗೆ ತೇರ್ಗಡೆಯಾದ ಭಾಗಕ್ಕೆ 60 ದಿನ ಮಾನ್ಯತೆ ಇರುತ್ತದೆ. ಕಲಿತಲ್ಲೇ ಪರೀಕ್ಷೆಯಾದರೆ ಕೋಣೆಗೆ ಹೋಗಿ ಮಲಗಿ ನಾಳೆ ಬಂದರಾಯಿತು. ಪರವೂರಿನಲ್ಲಾದರೆ ಹೋಟೆಲ್ ಬಾಡಿಗೆಯೂ ವಿಮಾನದ ಬಾಡಿಗೆಯೂ ಏರುತ್ತಾ ಹೋಗುತ್ತವೆ.

ಪರೀಕ್ಷಕರಲ್ಲಿ ಹೆಚ್ಚಿನವರು ಸರ್ಕಾರಿ ನೌಕರರಲ್ಲ. ಎಫ್‌ಎಎ ಅಧಿಕಾರ ಕೊಟ್ಟ ಅನುಭವಿ ಪೈಲಟ್‌ಗಳು, ತಮ್ಮ ಶುಲ್ಕವನ್ನು ತಾವೇ ಗೊತ್ತುಮಾಡುವವರು. ಕೆಲವು ಕಡೆ ಅವರ ಸರದಿಗೆ ವಾರಗಟ್ಟಲೆ ಕಾಯಬೇಕು. ಕಾಯುವುದು ಬರೀ ಬೇಸರದ ಮಾತಲ್ಲ. ಪರೀಕ್ಷೆಗೆ ಹಿಂದಿನ ಸುಮಾರು ಎರಡು ತಿಂಗಳೊಳಗೆ ಬೋಧಕರೊಡನೆ 3 ಗಂಟೆ ಸಿದ್ಧತೆಯ ಹಾರಾಟ ಆಗಿರಬೇಕೆಂಬ ನಿಯಮವಿದೆ. ಸರದಿ ತಡವಾದರೆ ಆ ಗಂಟೆಗಳು ಹಳತಾಗುತ್ತವೆ, ಮತ್ತೆ ಹಣ ಕೊಟ್ಟು ಹಾರಬೇಕು. ವೃತ್ತಿ ತರಬೇತಿಯ ಎಂ-1 ವೀಸಾದಲ್ಲಿ ಹೋದವರಿಗೆ ಮೊದಲ ಬಾರಿಗೆ ಸಿಗುವ ಅವಧಿ ಗರಿಷ್ಠ ಒಂದು ವರ್ಷ. ಊರಿನಲ್ಲಿ ಬ್ಯಾಂಕಿನ ಬಡ್ಡಿಯಂತೂ ಯಾರ ಸರದಿಗೂ ಕಾಯುವುದಿಲ್ಲ.

ಈ ಕಾಯುವಿಕೆಯನ್ನು ತಪ್ಪಿಸುವ ಇನ್ನೊಂದು ಏರ್ಪಾಡಿದೆ. ಕೆಲವು ಶಾಲೆಗಳಿಗೆ ತಮ್ಮ ವಿದ್ಯಾರ್ಥಿಗಳನ್ನು ತಾವೇ ಪರೀಕ್ಷಿಸುವ ಅಧಿಕಾರವನ್ನೇ ಎಫ್‌ಎಎ ಕೊಟ್ಟಿರುತ್ತದೆ. 'ಕಲಿಸಿದವರೇ ಪಾಸು ಮಾಡುವುದೆಂದರೆ ಅದೆಂಥ ಪರೀಕ್ಷೆ?' ಎಂದು ಯಾರಿಗಾದರೂ ಅನಿಸೀತು. ಹಿತ್ತಲ ಗಿಡ ಮದ್ದಲ್ಲ ಎನ್ನುವವರು ನಾವು. ಆದರೆ ಈ ಅಧಿಕಾರ ಬೇಡುವ ಶಾಲೆ ಹಿಂದಿನ 24 ತಿಂಗಳಲ್ಲಿ ಆ ತರಬೇತಿಯ ಕನಿಷ್ಠ 10 ವಿದ್ಯಾರ್ಥಿಗಳನ್ನು ಪರೀಕ್ಷೆಗೆ ಕಳಿಸಿರಬೇಕು, ಅವರಲ್ಲಿ ಶೇಕಡಾ 90 ಮಂದಿ ಮೊದಲ ಯತ್ನದಲ್ಲೇ ತೇರ್ಗಡೆಯಾಗಿರಬೇಕು. ಆ ಪರೀಕ್ಷೆ ನಡೆಸಿದವರು ಶಾಲೆಯ ನೌಕರರಾಗಿರಬಾರದು. ಅಧಿಕಾರ ಸಿಕ್ಕ ಮೇಲೂ ಶಾಲೆಯ ಪರೀಕ್ಷೆ ಎಫ್‌ಎಎ ಪರೀಕ್ಷೆಯಷ್ಟೇ ಕಠಿಣವಾಗಿರಬೇಕೆಂಬುದು ಕಾನೂನು. ಸಲೀಸಾಗಿ ಪಾಸಾಗುವ ಆಸೆಯಿಂದ ಇಂಥ ಶಾಲೆ ಹುಡುಕುವವರಿಗೆ ನಿರಾಸೆಯೇ ಗತಿ.

ಭಾರತದಲ್ಲಿ ಪದ್ಧತಿ ಸ್ವಲ್ಪ ಬೇರೆ. ಲಿಖಿತ ಪರೀಕ್ಷೆಗಳನ್ನು ಡಿಜಿಸಿಎ ನಡೆಸುತ್ತದೆ. ವಿದೇಶಿ ಪರವಾನಗಿ ತಂದವರೂ ಇವುಗಳಿಂದ ತಪ್ಪಿಸಿಕೊಳ್ಳುವಂತಿಲ್ಲ. ಹಾರಾಟದ ಪರೀಕ್ಷೆ ಸಾಮಾನ್ಯವಾಗಿ ಕಲಿತ ಶಾಲೆಯ ವಿಮಾನದಲ್ಲೇ ನಡೆಯುತ್ತದೆ. ಇಲ್ಲಿಯೂ ಕಾಲದ ಕಟ್ಟುಪಾಡಿದೆ. ಕಮರ್ಷಿಯಲ್ ಪರವಾನಗಿಗೆ ಬೇಕಾದ 200 ಗಂಟೆಗಳಲ್ಲಿ, ತಾನೇ ಮುಖ್ಯ ಪೈಲಟ್ ಆಗಿ ಹಾರಿಸಿದ 15 ಗಂಟೆಗಳು ಅರ್ಜಿಗೆ ಹಿಂದಿನ ಆರು ತಿಂಗಳೊಳಗಿನವಾಗಿರಬೇಕು. ಜಕ್ಕೂರಿನಲ್ಲಾಗಲಿ ಬೇರೆಲ್ಲೇ ಆಗಲಿ, ವಿಮಾನ ರಿಪೇರಿಗೆ ನಿಂತರೆ ಅಥವಾ ಪರೀಕ್ಷಕರು ಸಿಗದಿದ್ದರೆ ಹಾರಿದ ಗಂಟೆಗಳು ಹಳತಾಗುತ್ತವೆ.

ತನ್ನೂರಿನ ರನ್‌ವೇ ಒಂದನ್ನೇ ಬಲ್ಲ ಪೈಲಟ್ ಯಾವ ವಿಮಾನ ಕಂಪನಿಗೂ ಬೇಡ ಎಂಬುದೂ ನಿಜ. ಆದರೆ ಆ ಕೊರತೆ ನೀಗಲು ಬೇರೆ ದಾರಿಯಿದೆ. ಭಾರತದ ಕಮರ್ಷಿಯಲ್ ಪರವಾನಗಿಗೆ ಎರಡು ಬೇರೆ ನಿಲ್ದಾಣಗಳಲ್ಲಿ ಇಳಿದು 300 ನಾಟಿಕಲ್ ಮೈಲಿ ಕ್ರಮಿಸುವ ಹಾರಾಟ ಕಡ್ಡಾಯ. ಪರಊರು ಕಲಿಕೆಯ ದಿನಗಳಲ್ಲಿ ಬರಲಿ, ಪರೀಕ್ಷೆಯ ದಿನ ಬೇಡ.

ಶುಲ್ಕ ಕಟ್ಟುವ ಮುನ್ನ ಶಾಲೆಗೆ ಪತ್ರ ಬರೆದು ಕೆಲವು ಮಾತು ಕೇಳಬಹುದು. ಕಳೆದ ವರ್ಷ ನಿಮ್ಮ ವಿದ್ಯಾರ್ಥಿಗಳು ಹಾರಾಟದ ಪರೀಕ್ಷೆಗೆ ಎಷ್ಟು ದಿನ ಕಾದರು? ಪರೀಕ್ಷಕರು ನಿಮ್ಮಲ್ಲಿಗೆ ಬರುತ್ತಾರೋ, ವಿದ್ಯಾರ್ಥಿಯೇ ಹೋಗಬೇಕೋ? ಪರೀಕ್ಷಕರ ಶುಲ್ಕ ಮತ್ತು ಆ ದಿನದ ವಿಮಾನದ ಬಾಡಿಗೆ ನೀವು ಹೇಳುತ್ತಿರುವ ಮೊತ್ತದೊಳಗೆ ಸೇರಿದೆಯೋ ಇಲ್ಲವೋ? ಉತ್ತರ ಬಾಯಿಮಾತಿನಲ್ಲಿ ಬಂದರೆ ಸಾಲದು, ಕಾಗದದ ಮೇಲೆ ಬರಬೇಕು.