ಅಡುಗೆಮನೆಯಲ್ಲಿ ಆಕೆ, ಹೋಟೆಲಿನಲ್ಲಿ ಆತ

ನಿಮ್ಮ ಮನೆಯಲ್ಲಿ ಅಡುಗೆ ಮಾಡುವವರು ಯಾರು? ಬಹುಮಟ್ಟಿಗೆ ತಾಯಿ ಅಥವಾ ಅಜ್ಜಿ. ದೊಡ್ಡ ಹೋಟೆಲಿನ ಮುಖ್ಯ ಬಾಣಸಿಗ ಯಾರು? ಸಾಮಾನ್ಯವಾಗಿ ಗಂಡಸು. ಕೆಲಸ ಒಂದೇ, ಅದಕ್ಕೆ ಒಳ್ಳೆಯ ಸಂಬಳ ಬಂದೊಡನೆ ಕೈ ಬದಲಾಯಿತು. ಪ್ರವಾಸೋದ್ಯಮದಲ್ಲಿರುವ ಲಿಂಗ ಅಸಮಾನತೆಯನ್ನು ಅರಿಯಲು ಇದೇ ಮೊದಲ ಪಾಠ.

ಈ ಅಸಮಾನತೆಗೆ ಎರಡು ಮುಖಗಳಿವೆ. ಮೊದಲನೆಯದು ಕೆಲಸಗಳ ಹಂಚಿಕೆ. ಕೋಣೆ ಶುಚಿಗೊಳಿಸುವುದು, ಪಾತ್ರೆ ತೊಳೆಯುವುದು ಹೆಣ್ಣಿಗೆ. ವಾಹನ ಓಡಿಸುವುದು, ದೋಣಿ ನಡೆಸುವುದು ಗಂಡಿಗೆ ಎಂಬುದು ರೂಢಿ. ಎರಡನೆಯದು ಸ್ಥಾನದ ಅಂತರ. ಒಂದೇ ಸಂಸ್ಥೆಯ ಕೆಳಮೆಟ್ಟಿಲಲ್ಲಿ ಹೆಂಗಸರು ಹೆಚ್ಚು, ವ್ಯವಸ್ಥಾಪಕರ ಕುರ್ಚಿಯಲ್ಲಿ ಕಡಿಮೆ. ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ 2019ರಲ್ಲಿ ಪ್ರಕಟಿಸಿದ ವರದಿಯಂತೆ, ಜಗತ್ತಿನ ಪ್ರವಾಸೋದ್ಯಮದಲ್ಲಿ ದುಡಿಯುವವರ ಪೈಕಿ ಶೇ. 54 ಮಂದಿ ಮಹಿಳೆಯರು. ಅವರ ಗಳಿಕೆ ಪುರುಷರಿಗಿಂತ ಶೇ. 14.7ರಷ್ಟು ಕಡಿಮೆ.

ಹೀಗೇಕೆ? ಮನೆಯಲ್ಲಿ ಕಲಿತ ಕುಶಲತೆಯನ್ನು ಸಮಾಜ ವಿದ್ಯೆಯೆಂದು ಎಣಿಸದೆ, ಹೆಣ್ಣಿನ ಸ್ವಭಾವವೆಂದು ಎಣಿಸುತ್ತದೆ. ಸ್ವಭಾವಕ್ಕೆ ಬೆಲೆ ಕಟ್ಟುವವರು ಯಾರು? ಜೊತೆಗೆ ರಾತ್ರಿ ಪಾಳಿ, ಬಸ್ಸಿನ ಕೊರತೆ, ಮನೆವಾರ್ತೆಯ ಹೊರೆಗಳೂ ಆಕೆಯನ್ನು ಹಿಂದಕ್ಕೆ ಎಳೆಯುತ್ತವೆ.

ಕೆಲವೊಮ್ಮೆ ಕಾನೂನೇ ಅಡ್ಡ ನಿಂತದ್ದುಂಟು. ಗಗನಸಖಿ ಮೊದಲ ಬಾರಿ ಗರ್ಭಿಣಿಯಾದೊಡನೆ ಕೆಲಸ ಬಿಡಬೇಕೆಂಬ ಏರ್ ಇಂಡಿಯಾ ನಿಯಮವನ್ನು ಸರ್ವೋಚ್ಚ ನ್ಯಾಯಾಲಯ 1981ರಲ್ಲಿ ರದ್ದುಪಡಿಸಿತು. ದೆಹಲಿಗೆ ಅನ್ವಯವಾಗಿದ್ದ 1914ರ ಅಬಕಾರಿ ಕಾನೂನು, ಹೋಟೆಲಿನಲ್ಲಿ ಮದ್ಯ ಸೇವಿಸುವ ಜಾಗದಲ್ಲಿ ಹೆಂಗಸರನ್ನು ನೇಮಿಸಕೂಡದೆಂದಿತ್ತು. 2007ರಲ್ಲಿ ಅದೂ ಬಿದ್ದುಹೋಯಿತು. ರಕ್ಷಣೆಯ ಹೆಸರಿನಲ್ಲಿ ಉದ್ಯೋಗ ಕಸಿಯುವುದು ಸಲ್ಲದು, ಸುರಕ್ಷತೆ ಒದಗಿಸುವುದು ಸರ್ಕಾರದ ಹೊಣೆ ಎಂಬುದು ಆ ತೀರ್ಪಿನ ಸಾರ.

ಇದೆಲ್ಲ ದೂರದ ಮಾತೆನ್ನಬೇಡಿ. ದಾವಣಗೆರೆ ಜಿಲ್ಲೆಯಲ್ಲೇ ನೋಡಿ. ಚನ್ನಗಿರಿ ತಾಲ್ಲೂಕಿನಲ್ಲಿ ಸೂಳೆಕೆರೆ, ಸಂತೇಬೆನ್ನೂರು ಪುಷ್ಕರಣಿಗಳಿವೆ, ಹೊನ್ನಾಳಿಯಲ್ಲಿ ಹಿರೇಕಲ್ಮಠ, ನ್ಯಾಮತಿ ತಾಲ್ಲೂಕಿನಲ್ಲಿ ತೀರ್ಥರಾಮೇಶ್ವರ ಮತ್ತು ಸಂತ ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪ, ಜಗಳೂರಿನಲ್ಲಿ ಕೊಂಡುಕುರಿಗಳ ರಂಗಯ್ಯನದುರ್ಗ ಅಭಯಾರಣ್ಯ. ಸೂಳೆಕೆರೆಯನ್ನು ಕಟ್ಟಿಸಿದವಳು ಶಾಂತವ್ವ ಎಂಬ ಹೆಣ್ಣುಮಗಳೆಂದು ಐತಿಹ್ಯ ಹೇಳುತ್ತದೆ. ಇಂದು ಅದರ ದಂಡೆಯಲ್ಲಿ ಯಾರಿಗೆ ಯಾವ ಕೆಲಸ?

ಮುಂದಿನ ಬಾರಿ ಇವುಗಳಲ್ಲಿ ಒಂದಕ್ಕೆ ಹೋದಾಗ ನೋಟ್‌ಬುಕ್ಕಿನಲ್ಲಿ ಎರಡು ಕಲಮು ಎಳೆಯಿರಿ. ಟಿಕೆಟ್ ಕೊಡುವವರು, ಕಸ ಗುಡಿಸುವವರು, ಅಂಗಡಿಯ ಮಾಲೀಕರು, ಮಂಡಕ್ಕಿ ಮಾರುವವರು, ಚಾಲಕರು, ದಾರಿ ತೋರುವವರು: ಹೆಣ್ಣೆಷ್ಟು, ಗಂಡೆಷ್ಟು ಬರೆಯಿರಿ. ದಿನಗೂಲಿ ಕೆಲಸ ಯಾವುದು, ತಿಂಗಳ ಸಂಬಳದ್ದು ಯಾವುದು ವಿಚಾರಿಸಿ. ಆ ಪಟ್ಟಿಯನ್ನು ತರಗತಿಯಲ್ಲಿ ಚರ್ಚೆಗೆ ಇಡಿ. ನಾಳೆ ನಿಮ್ಮ ಅಕ್ಕನೋ ತಂಗಿಯೋ ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತೇನೆಂದಾಗ, "ಅದು ಹೆಣ್ಣುಮಕ್ಕಳಿಗಲ್ಲ" ಎನ್ನುವ ಹಿರಿಯರಿಗೆ ಉತ್ತರ ಕೊಡಲು ಅದು ನೆರವಾದೀತು.